ಶ್ರೀಶೈಲದ ನಡಿಗೆಗೆ ಎಂಥ ಚಾಕು ಬೇಕು?

ಯುಗಾದಿ ಇನ್ನೂ ಎರಡು ಮೂರು ವಾರ ಇರುವಾಗಲೇ ಆಂಧ್ರದ ಎಮ್ಮಿಗನೂರಿನ ರಸ್ತೆಗಳಲ್ಲಿ ಕನ್ನಡದ ಮಾತು ಹೆಚ್ಚಾಗುತ್ತದೆ. ರಾಯಚೂರು, ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಶ್ರೀಶೈಲಕ್ಕೆ ಹೊರಟ ಪಾದಯಾತ್ರಿಕರು ಮಂತ್ರಾಲಯ ಮುಗಿಸಿಕೊಂಡು ಈ ಊರು ಹಾದು ಕೋಡುಮೂರು, ಕರ್ನೂಲು, ಆತ್ಮಕೂರಿನ ದಾರಿ ಹಿಡಿಯುತ್ತಾರೆ. ಬಳ್ಳಾರಿ, ಸಿರುಗುಪ್ಪ ಕಡೆಯವರು ಆದೋನಿ ಮೇಲೆ ಬರುತ್ತಾರೆ. ಶ್ರೀಶೈಲದ ದೇವಿ ಭ್ರಮರಾಂಬೆಯನ್ನು ತಮ್ಮ ಮನೆಯ ಮಗಳೆಂದು ತಿಳಿದವರು ಇವರು. ಮಗಳಿಗೆ ಸೀರೆ, ಕುಪ್ಪಸ, ಬಳೆ ಹೊತ್ತುಕೊಂಡು ಹೊರಡುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡು ಅಷ್ಟೂ ದಾರಿ ನಡೆಯುವುದುಂಟು. ನಮ್ಮ ನಾಡಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ದಿನಗಟ್ಟಲೆ ನಡೆಯುವ ಅತಿ ದೊಡ್ಡ ಕೂಟಗಳಲ್ಲಿ ಇದೂ ಒಂದು. ಆದರೂ ಚಾರಣದ ಸಾಮಾನಿನ ಬಗ್ಗೆ ಬರೆಯುವವರು ಹಿಮಾಲಯದ ಬಗ್ಗೆ ಬರೆಯುತ್ತಾರೆ, ಈ ದಾರಿಯ ಬಗ್ಗೆ ಬರೆಯುವುದಿಲ್ಲ.

ಈ ಲೇಖನ ಆ ಚೀಲದೊಳಗಿನ ಒಂದೇ ಒಂದು ವಸ್ತುವಿನ ಕುರಿತು. ಹೊರಡುವ ಹಿಂದಿನ ರಾತ್ರಿ ಅಡುಗೆಮನೆಯ ಚಾಕುವನ್ನು ಹಳೆಯ ಪೇಪರಿನಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕುವವರು ಬಹಳ. ಎರಡನೆಯ ದಿನಕ್ಕೆ ಪೇಪರು ಹರಿದು, ಚಾಕುವಿನ ತುದಿ ಪಂಚೆಯನ್ನೋ ಬೆರಳನ್ನೋ ಹುಡುಕಿಕೊಂಡು ಹೋಗುತ್ತದೆ. ಈಚೆಗೆ ಹುಡುಗರು ಇದಕ್ಕೆ ಪೂರಾ ವಿರುದ್ಧದ ದಾರಿ ಹಿಡಿದಿದ್ದಾರೆ. ಅಲಗಿನ ಬೆನ್ನಿಗೆ ಗರಗಸದ ಹಲ್ಲು, ಹಿಡಿಯಲ್ಲಿ ದಿಕ್ಸೂಚಿ ಇರುವ ದಪ್ಪ ಚಾಕು ತರಿಸಿಕೊಂಡು ಸೊಂಟಕ್ಕೆ ಕಟ್ಟುತ್ತಾರೆ. ನನ್ನ ಮಟ್ಟಿಗೆ ಎರಡೂ ತಪ್ಪು ಆಯ್ಕೆ. ಎರಡನೆಯದು ತಪ್ಪಷ್ಟೇ ಅಲ್ಲ, ಶ್ರೀಶೈಲದ ಸುತ್ತಣ ನಲ್ಲಮಲದ ಅಡವಿಗೆ ಕಾಲಿಟ್ಟ ಮೇಲೆ ಕಾನೂನಿನ ತೊಂದರೆಯೂ ಹೌದು. ಅದಕ್ಕೆ ಮುಂದೆ ಬರುತ್ತೇನೆ.

ದಾರಿಯಲ್ಲಿ ಕತ್ತರಿಸುವುದು ಏನನ್ನು?

ಚಾಕು ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಪಾದಯಾತ್ರಿಕನ ಕೈಗೆ ಏನೇನು ಬರುತ್ತದೆ ನೋಡಿ. ಅಂಗಾಲಿನ ಗುಳ್ಳೆಗೆ ಹಚ್ಚುವ ಬಟ್ಟೆಯ ಪ್ಲಾಸ್ಟರ್. ಅದರ ಕೆಳಗೆ ಇಡುವ ಗಾಜ್ ಬಟ್ಟೆ. ಒಆರ್‌ಎಸ್ ಪುಡಿಯ ಪಾಕೀಟು, ಮಜ್ಜಿಗೆ ಪಾಕೀಟು. ಬೆರಳನ್ನು ಒತ್ತುವ ಉಗುರು. ಚೀಲದ ಪಟ್ಟಿ ಕಿತ್ತರೆ ಹೊಲಿಯುವ ದಾರ. ತಾಡಪಾಲು ಕಟ್ಟುವ ನೈಲಾನ್ ಹಗ್ಗ. ಇವಾದ ಮೇಲೆ ತಿನ್ನುವ ಸಾಮಾನು: ರೊಟ್ಟಿಯ ಜೊತೆಗೆ ಉಳ್ಳಾಗಡ್ಡಿ, ಸೌತೆಕಾಯಿ, ಶರಬತ್ತಿಗೆ ಲಿಂಬೆ. ರಸ್ತೆ ಬದಿಯಲ್ಲಿ ಯಾರೋ ಪುಣ್ಯಾತ್ಮರು ಕೊಟ್ಟರೆ ಒಂದು ಕಲ್ಲಂಗಡಿ.

ಮರ ಕಡಿಯುವ ಕೆಲಸ ಇದರಲ್ಲಿಲ್ಲ, ಕಟ್ಟಿಗೆ ಸೀಳುವ ಕೆಲಸವೂ ಇಲ್ಲ. ತಂಡಕ್ಕೆ ಅಡುಗೆ ಮಾಡುವವರು ಸಾಮಾನ್ಯವಾಗಿ ಟ್ರ್ಯಾಕ್ಟರಿನಲ್ಲೋ ಟೆಂಪೋದಲ್ಲೋ ಗ್ಯಾಸು, ಪಾತ್ರೆ, ಈಳಿಗೆ ಹೇರಿಕೊಂಡು ಮುಂದೆ ಹೋಗಿರುತ್ತಾರೆ. ದಾರಿಯುದ್ದಕ್ಕೂ ಊರಿನವರು ಅನ್ನದಾಸೋಹ ಇಟ್ಟಿರುತ್ತಾರೆ. ಬೆನ್ನಿನ ಚೀಲದಲ್ಲಿರುವ ಉಪಕರಣಕ್ಕೆ ಬೀಳುವ ಕೆಲಸ ಬಹುಪಾಲು ಬಟ್ಟೆ, ಪ್ಲಾಸ್ಟರು, ಪ್ಲಾಸ್ಟಿಕ್, ಉಗುರು, ದಾರದ್ದು. ಈ ಕೆಲಸಕ್ಕೆಲ್ಲ ಚಾಕುವಿಗಿಂತ ಕತ್ತರಿ ಮೇಲು. ಗುಳ್ಳೆಯ ಅಳತೆಗೆ ಪ್ಲಾಸ್ಟರನ್ನು ಗುಂಡಗೆ ಕತ್ತರಿಸಬೇಕು, ಮೂಲೆ ಉಳಿದರೆ ಕಾಲುಚೀಲಕ್ಕೆ ಸಿಕ್ಕಿ ಅರ್ಧ ತಾಸಿನಲ್ಲಿ ಎದ್ದು ಬರುತ್ತದೆ. ಚಾಕುವಿನಿಂದ ಹಾಗೆ ಗುಂಡಗೆ ಕತ್ತರಿಸಿ ನೋಡಿ, ಗೊತ್ತಾಗುತ್ತದೆ.

ಆದ್ದರಿಂದ ನನ್ನ ಆಯ್ಕೆಯ ಕ್ರಮ ಹೀಗಿದೆ: ಮೊದಲು ಕತ್ತರಿ, ಆಮೇಲೆ ಚಿಮಟ, ಕೊನೆಗೆ ಅಲಗು. ಅಂಗಡಿಯವರು ಇದನ್ನು ಬುಡಮೇಲು ಮಾಡಿ ತೋರಿಸುತ್ತಾರೆ. ಅಲಗಿನ ಉದ್ದವನ್ನೇ ಹೊಗಳುತ್ತಾರೆ, ಕತ್ತರಿ ಇದೆಯೇ ಎಂದು ನಾವೇ ಕೇಳಬೇಕು.

ಚಿಮಟದ ಮಾತಿಗೆ ಈ ಸೀಮೆಯಲ್ಲಿ ಹೆಚ್ಚಿನ ತೂಕವಿದೆ. ಆದೋನಿ, ಎಮ್ಮಿಗನೂರು, ಸಿರುಗುಪ್ಪದ ರಸ್ತೆಗಳ ಎರಡೂ ಬದಿಗೆ ಬಳ್ಳಾರಿ ಜಾಲಿ ಹಬ್ಬಿಕೊಂಡಿದೆ. ನೆರಳಿಗೆಂದು ಡಾಂಬರು ಬಿಟ್ಟು ನಾಲ್ಕು ಹೆಜ್ಜೆ ಒಳಗೆ ಹೋದರೆ ಸಾಕು, ಅದರ ಒಣ ಮುಳ್ಳು ಹವಾಯಿ ಚಪ್ಪಲಿಯನ್ನು ತೂರಿಕೊಂಡು ಅಂಗಾಲಿಗೆ ಬರುತ್ತದೆ. ತುದಿ ಒಳಗೇ ಮುರಿದು ಉಳಿದರೆ ಮರುದಿನಕ್ಕೆ ಬಾವು, ಕೀವು. ಕುರಿ ಕಾಯುವ ಹಿರಿಯರು ಉಡಿದಾರಕ್ಕೆ ಚಿಮಟ ಕಟ್ಟಿಕೊಂಡು ತಿರುಗುತ್ತಿದ್ದದ್ದು ಸುಮ್ಮನೆ ಅಲ್ಲ. ಮುಳ್ಳು ಕೀಳುವ ಸಣ್ಣ ಕಡ್ಡಿ, ಕಿವಿಯ ಕುಗ್ಗೆ ತೆಗೆಯುವ ಕಡ್ಡಿ, ಚಿಮಟ ಮೂರನ್ನೂ ಒಂದೇ ಬಳೆಗೆ ಪೋಣಿಸಿ ಇಟ್ಟುಕೊಳ್ಳುವುದಿತ್ತು. ಇಂದು ಮಲ್ಟಿಟೂಲ್ ಎಂದು ಮಾರುವ ವಸ್ತುವಿನ ಆಲೋಚನೆ ಪೂರ್ತಿ ಅದರಲ್ಲಿ ಇದೆ. ಹೊರಡುವ ಮುನ್ನ ಟಿಟಾನಸ್ ಚುಚ್ಚುಮದ್ದು ಯಾವಾಗ ಹಾಕಿಸಿಕೊಂಡಿದ್ದೆ ಎಂದು ನೆನಪು ಮಾಡಿಕೊಳ್ಳಿ. ನೆನಪಾಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಹಾಕಿಸಿಕೊಳ್ಳಿ.

ತೂಕದ ಲೆಕ್ಕ

ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ಕ್ಲಾಸಿಕ್ ಎಸ್‌ಡಿ ಎಂಬ ಪುಟ್ಟ ಮಡಚುಚಾಕು ಮಡಚಿದಾಗ 58 ಮಿಲಿಮೀಟರ್ ಉದ್ದ, ತೂಕ 21 ಗ್ರಾಂ. ಅದರಲ್ಲಿ ಸಣ್ಣ ಅಲಗು, ಕತ್ತರಿ, ತುದಿಯಲ್ಲಿ ಸ್ಕ್ರೂ ತಿರುಗಿಸುವ ಮೂತಿಯಿರುವ ಉಗುರು ಅರ, ಚಿಮಟ, ಹಲ್ಲುಕಡ್ಡಿ ಇವೆ. ಅಮೆರಿಕದ ಲೆದರ್‌ಮನ್ ಕಂಪನಿಯ ವೇವ್ ಪ್ಲಸ್ ಎಂಬ ಪೂರ್ಣ ಪ್ರಮಾಣದ ಉಪಕರಣ 241 ಗ್ರಾಂ ತೂಗುತ್ತದೆ. ಅದರಲ್ಲಿ ಇಕ್ಕಳ, ತಂತಿ ಕತ್ತರಿಸುವ ಬಾಯಿ, ಗರಗಸ, ಅರ, ಎರಡು ಅಲಗು, ಇನ್ನೂ ಏನೇನೋ ಉಂಟು. ಎರಡರ ನಡುವಿನ ಅಂತರ 220 ಗ್ರಾಂ, ಅಂದರೆ ಹೆಚ್ಚು ಕಡಿಮೆ ಒಂದು ಲೋಟ ನೀರು. ಯುಗಾದಿಯ ಹೊತ್ತಿಗೆ ಕರ್ನೂಲು ಜಿಲ್ಲೆಯ ಬಿಸಿಲು 40 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಆ ಬಿಸಿಲಿನಲ್ಲಿ ಅಷ್ಟೇ ತೂಕಕ್ಕೆ ಇಕ್ಕಳ ಹೊರುವಿರೋ ನೀರು ಹೊರುವಿರೋ ಎಂದು ಕೇಳಿದರೆ ನಾನು ನೀರನ್ನೇ ಆರಿಸುತ್ತೇನೆ.

ಇಕ್ಕಳದ ಉಪಕರಣ ಕೆಟ್ಟದ್ದೆಂದು ಇದರ ಅರ್ಥವಲ್ಲ. ಅದು ಹುಟ್ಟಿದ್ದು ಬೇರೆ ಅಗತ್ಯದಿಂದ. ಟಿಮ್ ಲೆದರ್‌ಮನ್ 1975ರಲ್ಲಿ ಹೆಂಡತಿಯೊಂದಿಗೆ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪು ಸುತ್ತುವಾಗ ಪದೇ ಪದೇ ಕೆಡುವ ಕಾರನ್ನೂ ಸೋರುವ ಹೋಟೆಲಿನ ನಲ್ಲಿಯನ್ನೂ ರಿಪೇರಿ ಮಾಡಬೇಕಾಯಿತು. ಜೇಬಿನ ಚಾಕುವಿಗೆ ಇಕ್ಕಳವೂ ಸೇರಿದ್ದರೆ ಎಂಬ ಯೋಚನೆ ಬಂದದ್ದು ಆಗ. ಅದು ಮಾರಾಟಕ್ಕೆ ಬರುವ ಹೊತ್ತಿಗೆ 1983 ಆಗಿತ್ತು. ಕಾರು, ಬೈಕು, ಪಂಪ್‌ಸೆಟ್ ಜೊತೆಗಿದ್ದರೆ ಇಕ್ಕಳ ಬೇಕು. ತಂಡದ ಟ್ರ್ಯಾಕ್ಟರಿನಲ್ಲಿ ಒಂದು ಇರಲಿ. ನಡೆಯುವವರ ಬೆನ್ನಿಗೆ ಬೇಡ.

ಸ್ವಿಸ್ ಚಾಕುವಿನ ಕಥೆಯಲ್ಲೂ ತೂಕದ ಪ್ರಶ್ನೆ ಬರುತ್ತದೆ. ವಿಕ್ಟೋರಿನಾಕ್ಸನ್ನು ಹುಟ್ಟುಹಾಕಿದ ಕಾರ್ಲ್ ಎಲ್ಸೆನರ್ 1884ರಲ್ಲಿ ಇಬಾಕ್ ಎಂಬಲ್ಲಿ ಚಾಕುವಿನ ಕಾರ್ಖಾನೆ ತೆರೆದು, 1891ರಿಂದ ಸ್ವಿಸ್ ಸೈನಿಕರಿಗೆ ಚಾಕು ಒದಗಿಸತೊಡಗಿದರು. ಬಂದೂಕು ಬಿಚ್ಚುವ ತಿರುಪುಳಿ, ಡಬ್ಬಿ ತೆರೆಯುವ ಬಾಯಿ ಇದ್ದ ಆ ಚಾಕು ಗಟ್ಟಿಯಾಗಿತ್ತು, ಆದರೆ ಭಾರವಾಗಿತ್ತು. ಹಗುರವೂ ಅಂದವೂ ಆದದ್ದನ್ನು ಮಾಡಬೇಕೆಂದು ಅವರು 1897ರಲ್ಲಿ ಅಧಿಕಾರಿಗಳ ಚಾಕು ಎಂಬ ಹೊಸ ಬಗೆಯನ್ನು ನೋಂದಾಯಿಸಿದರು. ಇಂದು ನಾವು ನೋಡುವ ಕೆಂಪು ಹಿಡಿಯ ಚಾಕುಗಳೆಲ್ಲ ಅದರ ಮಕ್ಕಳು ಮೊಮ್ಮಕ್ಕಳು.

ಕೆಂಪು ಹಿಡಿಗೆ ಬಿಳಿ ಶಿಲುಬೆ ಒತ್ತಿದ ನಕಲಿಗಳು ಜಾತ್ರೆಯ ತಳ್ಳುಗಾಡಿಗಳಲ್ಲಿ ರಾಶಿ ಬಿದ್ದಿರುತ್ತವೆ. ಕೊಳ್ಳುವ ಮುನ್ನ ಬೆಳಕಿಗೆ ಹಿಡಿದು ನೋಡಿ: ಪದರಗಳ ನಡುವೆ ಬೆಳಕು ತೂರಿ ಬಂದರೆ ಬಿಡಿ. ಅಲಗನ್ನು ಬಿಚ್ಚಿ ಪಕ್ಕಕ್ಕೆ ಅಲ್ಲಾಡಿಸಿ, ಗಡಗಡ ಎಂದರೆ ಬಿಡಿ. ಕತ್ತರಿಗೆ ಒಂದು ಹತ್ತಿಯ ಎಳೆ ಕೊಡಿ. ಎಳೆಯನ್ನು ಕತ್ತರಿಸದೆ ಎರಡು ಬಾಯಿಗಳ ನಡುವೆ ಮಡಚಿ ಹಿಡಿದುಕೊಂಡರೆ ಅದು ಪ್ಲಾಸ್ಟರನ್ನೂ ಕತ್ತರಿಸದು.

ಅಷ್ಟು ದೂರದ ಚಾಕು ಬೇಡ ಎನ್ನುವವರಿಗೆ ಎಮ್ಮಿಗನೂರಿನಲ್ಲೇ ಇನ್ನೊಂದು ದಾರಿ ಇದೆ. ಇದು ನೇಕಾರರ ಊರು. ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘದಿಂದ ಈ ಊರಿನ ಮಗ್ಗದ ಬಟ್ಟೆ ದೂರದವರೆಗೂ ಹೆಸರು ಮಾಡಿತು. ನೂಲಿನ ಊರಿನಲ್ಲಿ ನೂಲು ಕತ್ತರಿಸುವ ಉಪಕರಣಕ್ಕೆ ಬರವಿಲ್ಲ. ಟೇಲರ್ ಸಾಮಾನಿನ ಅಂಗಡಿಯಲ್ಲಿ ದಾರ ಕತ್ತರಿಸುವ ಸಣ್ಣ ಕತ್ತರಿ ಸಿಗುತ್ತದೆ. ಬೆರಳು ತೂರಿಸುವ ಕಣ್ಣು ಅದಕ್ಕಿಲ್ಲ, ಹಿಂಡಿದರೆ ಕತ್ತರಿಸುತ್ತದೆ, ಬಿಟ್ಟರೆ ತಾನೇ ಬಾಯಿ ತೆರೆಯುತ್ತದೆ. ತೀರಾ ಹಗುರ, ಬಹಳ ಹರಿತ, ಬೆಲೆಯೂ ಕಡಿಮೆ. ತುದಿ ಚುಚ್ಚದಂತೆ ಹಳೆಯ ಪೆನ್ನಿನ ಮುಚ್ಚಳವನ್ನೋ ಒಂದು ತುಂಡು ಪೈಪನ್ನೋ ತೊಡಿಸಿ. ಇದರ ಜೊತೆಗೆ ಔಷಧಿ ಅಂಗಡಿಯ ಚಿಮಟ, ಅರ ಇರುವ ಉಗುರುಕತ್ತರಿ, ದಬ್ಬಣ ಒಂದು, ಸೂಜಿ ಎರಡು, ಗಟ್ಟಿ ದಾರದ ಉಂಡೆ. ಎಲ್ಲ ಸೇರಿ 100 ಗ್ರಾಂ ಆಗುವುದಿಲ್ಲ. ಬೆಂಗಳೂರಿನ ಚಾರಣದ ಅಂಗಡಿಯಲ್ಲಿ ಕೊಂಡ ಯಾವ ಸಾಮಾನಿಗೂ ಈ ಗಂಟು ಕಡಿಮೆಯಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಅಲಗು ಬೇಕೇ ಬೇಕು ಎನ್ನುವವರಿಗೆ

ಉಳ್ಳಾಗಡ್ಡಿ, ಸೌತೆಕಾಯಿ, ಲಿಂಬೆಗೆ ಆರರಿಂದ ಎಂಟು ಸೆಂಟಿಮೀಟರ್ ಅಲಗು ಧಾರಾಳ ಸಾಕು. ಅದಕ್ಕೂ ಹೆಚ್ಚಿನದು ಬೇಕಾಗುವುದು ಕಲ್ಲಂಗಡಿಗೆ ಮಾತ್ರ, ಅದನ್ನು ಕೊಟ್ಟವರ ಹತ್ತಿರ ಕತ್ತರಿಸುವ ಚಾಕುವೂ ಇರುತ್ತದೆ. ಹತ್ತು ಜನರ ತಂಡದಲ್ಲಿ ಇಂಥದ್ದೊಂದು ಇದ್ದರೆ ಆಯಿತು, ಹತ್ತು ಬೇಡ.

ಮಡಚುವ ಚಾಕುಗಳಲ್ಲಿ ಎರಡು ಬಗೆ. ಅಲಗನ್ನು ಬರೀ ಸ್ಪ್ರಿಂಗಿನ ಒತ್ತಡ ಹಿಡಿದಿಡುವುದು ಒಂದು. ತೆರೆದ ಮೇಲೆ ಬೀಗ ಬಿದ್ದು ನಿಲ್ಲುವುದು ಇನ್ನೊಂದು. ಮೊದಲನೆಯದನ್ನು ಹಿಡಿದು ತುದಿಯಿಂದ ಗಟ್ಟಿ ವಸ್ತುವನ್ನು ಚುಚ್ಚಲು ಹೋದರೆ ಅಲಗು ತಿರುಗಿ ಬೆರಳಿನ ಮೇಲೆ ಮುಚ್ಚಿಕೊಳ್ಳುತ್ತದೆ. ಚಪ್ಪಲಿಯ ಪಟ್ಟಿಗೆ ತೂತು ಮಾಡಲು ಹೋಗಿ ಬೆರಳು ಕುಯ್ದುಕೊಳ್ಳುವುದು ಹೀಗೆಯೇ. ಅದಕ್ಕೆ ದಬ್ಬಣ ಇದೆ. ಬೀಗದ ಚಾಕುಗಳಲ್ಲಿ ಫ್ರಾನ್ಸಿನ ಒಪಿನೆಲ್ ನನಗೆ ಮೆಚ್ಚುಗೆ. ಜೋಸೆಫ್ ಒಪಿನೆಲ್ 1890ರಲ್ಲಿ ಸವಾಯ್ ಬೆಟ್ಟಸೀಮೆಯ ರೈತರಿಗಾಗಿ ಮಾಡಿದ ಚಾಕು ಅದು. ಮರದ ಹಿಡಿ, ಒಂದೇ ಅಲಗು, ಕುತ್ತಿಗೆಯಲ್ಲಿ ತಿರುಗಿಸುವ ಉಕ್ಕಿನ ಉಂಗುರ. ಉಂಗುರ ತಿರುಗಿಸಿದರೆ ಅಲಗು ಅಲ್ಲಾಡುವುದಿಲ್ಲ. ಅಷ್ಟು ದೊಡ್ಡ ಅಲಗಿಗೆ ಅಷ್ಟು ಕಡಿಮೆ ತೂಕ ಬೇರೆ ಕಡೆ ಸಿಗುವುದು ಕಷ್ಟ. ಆದರೆ ಮರ ನೀರು ಕುಡಿದು ಉಬ್ಬಿದರೆ ಅಲಗು ಸುಲಭವಾಗಿ ಹೊರಗೆ ಬರುವುದಿಲ್ಲ. ನಮ್ಮ ಬೇಸಿಗೆಯ ನಡಿಗೆಗೆ ಆ ಚಿಂತೆ ಕಡಿಮೆ, ಮಲೆನಾಡಿನ ಮಳೆಗಾಲದ ಚಾರಣಕ್ಕೆ ಹೆಚ್ಚು.

ಈ ಅಳತೆಯ ಅಲಗಿಗೆ ಎಲ್ಲಕ್ಕಿಂತ ಹಗುರ ಮಾತ್ರ ಮಡಚದ ಚಾಕುವೇ. ಪ್ಲಾಸ್ಟಿಕ್ ಹಿಡಿಯ, ಮೂರಿಂಚು ಅಲಗಿನ ತರಕಾರಿ ಚಾಕು ಸುಮಾರು 30 ಗ್ರಾಂ ತೂಗುತ್ತದೆ. ಮಡಿಕೆಯಿಲ್ಲದ ಕಾರಣ ಉಳ್ಳಾಗಡ್ಡಿಯ ರಸ, ಮಣ್ಣು ಒಳಗೆ ಸೇರಿಕೊಳ್ಳುವುದಿಲ್ಲ, ತೊಳೆದರೆ ಮುಗಿಯಿತು. ಅದಕ್ಕೆ ಬೇಕಾದದ್ದು ಗಟ್ಟಿಯಾದ ಒರೆ. ರಟ್ಟನ್ನು ಅಲಗಿಗಿಂತ ಎರಡು ಬೆರಳು ಉದ್ದಕ್ಕೆ ಕತ್ತರಿಸಿ ಎರಡು ಪದರ ಮಡಚಿ, ಅಂಚಿಗೆಲ್ಲ ಪ್ಯಾಕಿಂಗ್ ಟೇಪು ಸುತ್ತಿ, ಹಿಡಿಯ ಬುಡಕ್ಕೆ ಒಂದು ರಬ್ಬರ್ ಬ್ಯಾಂಡು ಹಾಕಿದರೆ ಅದು ತಾನಾಗಿ ಕಳಚುವುದಿಲ್ಲ. ಪೇಪರು ಸುತ್ತುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಲೋಹದ ಮಾತು ಸ್ವಲ್ಪ. ತುಕ್ಕು ಹಿಡಿಯದ ಉಕ್ಕಿನಲ್ಲಿ ಕ್ರೋಮಿಯಂ ಹೆಚ್ಚಿರುತ್ತದೆ. ಅದು ಗಾಳಿಯೊಂದಿಗೆ ಸೇರಿ ಮೇಲ್ಮೈಯಲ್ಲಿ ತೆಳ್ಳನೆಯ ರಕ್ಷೆ ಕಟ್ಟಿಕೊಳ್ಳುತ್ತದೆ. ಇಂಗಾಲದ ಉಕ್ಕು ಇನ್ನೂ ಹರಿತಕ್ಕೆ ಬರುತ್ತದೆ, ಕಲ್ಲಿಗೆ ಬೇಗ ಬಗ್ಗುತ್ತದೆ. ಆದರೆ ಲಿಂಬೆ, ಹುಣಸೆ, ಬೆವರು ತಾಗಿ ಒರೆಸದೆ ಬಿಟ್ಟರೆ ಸಂಜೆಯೊಳಗೆ ಕಪ್ಪು ಕಲೆ, ಮರುದಿನ ತುಕ್ಕು. ನಮ್ಮ ಊರುಗಳ ಕಮ್ಮಾರರು ಲಾರಿಯ ಹಳೆಯ ಪಾಟಾ ಕಾಯಿಸಿ ಬಡಿದು ಮಾಡುವ ಕುಡುಗೋಲು, ಚಾಕು ಇಂಥ ಉಕ್ಕಿನವು. ಆ ಚಾಕುಗಳ ಹರಿತಕ್ಕೆ ನಾನು ತಲೆಬಾಗುತ್ತೇನೆ. ಹೊಲಕ್ಕೆ, ಮನೆಗೆ ಅವನ್ನೇ ಕೊಳ್ಳಿ. ನಡಿಗೆಯಲ್ಲಿ ದಣಿದು ಕೂತಾಗ ಅಲಗು ಒರೆಸುವ ನೆನಪು ಯಾರಿಗೂ ಇರುವುದಿಲ್ಲವಾದ್ದರಿಂದ ಚೀಲಕ್ಕೆ ಮಾತ್ರ ತುಕ್ಕು ಹಿಡಿಯದ್ದು ಇರಲಿ.

ಕಾನೂನು, ಅಡವಿ

ಆಯುಧ ಕಾಯ್ದೆಯ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗಿನ ಚಾಕುಗಳು ಕತ್ತಿ, ಭರ್ಜಿಗಳ ಸಾಲಿಗೆ ಸೇರುತ್ತವೆ. ಮನೆ ಬಳಕೆ, ಬೇಸಾಯ, ಕೈಗಾರಿಕೆಗೆಂದು ಮಾಡಿದವಕ್ಕೆ ವಿನಾಯಿತಿ ಉಂಟು. ಮೇಲೆ ಹೇಳಿದ ಯಾವುದೂ ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅಳತೆಯೊಂದೇ ಮುಖ್ಯವಲ್ಲ. ಫ್ಯಾಕ್ಷನ್ ಹಗೆತನದಿಂದ ದಶಕಗಟ್ಟಲೆ ನೊಂದ ಸೀಮೆ ಇದು. ಸೊಂಟದಲ್ಲಿ ದೊಡ್ಡ ಚಾಕು ತೂಗುಹಾಕಿಕೊಂಡು ರಾತ್ರಿ ಊರೊಳಗೆ ನಡೆದು ಬರುವ ಅಪರಿಚಿತನನ್ನು ಪೊಲೀಸರು ನಿಲ್ಲಿಸಿ ಕೇಳಿದರೆ ಅದು ಸಹಜ, ಮನೆಯವರು ಬಾಗಿಲು ಹಾಕಿಕೊಂಡರೂ ಸಹಜ. ಈ ದಾರಿಯಲ್ಲಿ ನೀರು, ಊಟ, ಮಲಗಲು ಜಗಲಿ ಎಲ್ಲವೂ ಊರಿನವರ ವಿಶ್ವಾಸದಿಂದ ಸಿಗುವಂಥದ್ದು. ಚಾಕು ಯಾವುದೇ ಇರಲಿ, ಚೀಲದ ಒಳಗಿರಲಿ.

ಆತ್ಮಕೂರು ದಾಟಿ ವೆಂಕಟಾಪುರಕ್ಕೆ ಬಂದ ಮೇಲೆ ಪರಿಸ್ಥಿತಿ ಬದಲಾಗುತ್ತದೆ. ಅಲ್ಲಿಂದ ನಾಗಲೂಟಿ, ಪೆಚ್ಚೆರುವು, ಭೀಮುನಿಕೊಳನು, ಕೈಲಾಸದ್ವಾರದ ಮೇಲೆ ಹೋಗುವ ಕಾಲುದಾರಿ ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶದೊಳಗಿನದು. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಡೆಯುತ್ತದೆ. ಆ ಕಾಯ್ದೆಯ 31ನೆಯ ಕಲಮಿನಂತೆ, ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ಲದೆ ಯಾರೂ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ಆಯುಧ ಎಂದರೆ ಏನು ಎಂದು ಅದೇ ಕಾಯ್ದೆ ಕೊಡುವ ಪಟ್ಟಿಯಲ್ಲಿ ಬಂದೂಕು, ಬಿಲ್ಲು ಬಾಣ, ಬಲೆ, ಉರುಲಿನ ಜೊತೆಗೆ ಚಾಕು ಕೂಡ ಇದೆ. ಇಷ್ಟೇ ಇಂಚು ಎಂಬ ವಿನಾಯಿತಿ ಆ ಪಟ್ಟಿಯಲ್ಲಿಲ್ಲ.

ಲಿಂಬೆ ಕುಯ್ಯುವ ಚಾಕು ಇಟ್ಟುಕೊಂಡ ಭಕ್ತರನ್ನೆಲ್ಲ ಹಿಡಿಯುವುದು ಕಾಯ್ದೆಯ ಉದ್ದೇಶವಾಗಿರಲಾರದು. ಆದರೂ ಓದಿ ತಿಳಿದ ಮೇಲೆ ಜಾಣತನದ ದಾರಿಯೊಂದನ್ನು ಹಿಡಿಯುವುದು ಮೇಲು. ತಂಡದ ವಾಹನ ಹೇಗೂ ಕಾಲುದಾರಿಯಲ್ಲಿ ಬರಲಾಗದು, ದೋರ್ನಾಲ ಸುತ್ತಿ ಘಾಟ್ ರಸ್ತೆಯಲ್ಲಿ ಶ್ರೀಶೈಲಕ್ಕೆ ಹೋಗುತ್ತದೆ. ವೆಂಕಟಾಪುರದಲ್ಲೇ ಅಲಗಿನ ಸಾಮಾನೆಲ್ಲ ಆ ವಾಹನಕ್ಕೆ ಕೊಟ್ಟುಬಿಡಿ. ಅಡವಿಯ ದಾರಿಗೆ ದಾರದ ಕತ್ತರಿ, ಚಿಮಟ, ಉಗುರುಕತ್ತರಿ, ಸೂಜಿ ಸಾಕು. ಉಳ್ಳಾಗಡ್ಡಿ ಬೇಕೆಂದರೆ ಹಿಂದಿನವರ ಹಾಗೆ ಮುಷ್ಟಿಯಿಂದ ಒಡೆದು ತಿನ್ನಿ, ರುಚಿ ಹೆಚ್ಚು. ಗೇಟಿನ ಬಳಿ ಅರಣ್ಯ ಸಿಬ್ಬಂದಿ ಏನನ್ನಾದರೂ ಬಿಟ್ಟು ಹೋಗಿ ಎಂದರೆ ವಾದ ಮಾಡದೆ ಬಿಡಿ.

ಕಾಡುಪ್ರಾಣಿ ಬಂದರೆ ಎಂದು ಕೇಳುವವರಿದ್ದಾರೆ. ನಲ್ಲಮಲದಲ್ಲಿ ಹುಲಿ, ಚಿರತೆ, ಕರಡಿ ಎಲ್ಲ ಇವೆ. ಅವುಗಳೆದುರು ಮೂರಿಂಚಿನ ಅಲಗೂ ಒಂದೇ, ಒಂಬತ್ತಿಂಚಿನದೂ ಒಂದೇ. ರಕ್ಷಣೆ ಇರುವುದು ಗುಂಪಿನಲ್ಲಿ ನಡೆಯುವುದರಲ್ಲಿ, ಮಾತಾಡುತ್ತ ನಡೆಯುವುದರಲ್ಲಿ, ಕತ್ತಲಾದ ಮೇಲೆ ಒಂಟಿಯಾಗಿ ದಾರಿ ಬಿಟ್ಟು ಹೋಗದಿರುವುದರಲ್ಲಿ. ಶ್ರೀಶೈಲದ ಮಲ್ಲಯ್ಯನ ಹೆಸರು ಕೂಗುತ್ತ ಸಾಗುವ ತಂಡದ ದನಿ ಕೇಳಿಯೇ ಪ್ರಾಣಿ ದೂರ ಸರಿದಿರುತ್ತದೆ. ಬೆಂಕಿ ಹಾಕುವ ಯೋಚನೆ ಬೇಡವೇ ಬೇಡ. ಯುಗಾದಿಯ ಹೊತ್ತಿಗೆ ಎಲೆ ಉದುರಿ ನೆಲವೆಲ್ಲ ಒಣಗಿರುತ್ತದೆ, ಒಂದು ಕಿಡಿ ಸಾಕು. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು ಅದೇ ಕಾಯ್ದೆಯ 30ನೆಯ ಕಲಮು ನಿಷೇಧಿಸಿದೆ.

ಕತ್ತರಿಯೊಂದಿಗೆ ಬರುವ ಒಂದು ಜವಾಬ್ದಾರಿಯೂ ಇದೆ. ಪಾಕೀಟಿನ ಮೂಲೆಯನ್ನು ಪೂರಾ ಕತ್ತರಿಸಿ ತೆಗೆದರೆ ಆ ಸಣ್ಣ ತುಂಡು ನೆಲಕ್ಕೆ ಬೀಳುತ್ತದೆ, ಯಾರೂ ಬಗ್ಗಿ ಎತ್ತುವುದಿಲ್ಲ. ಸಾವಿರಾರು ಜನ ಒಂದೇ ದಾರಿಯಲ್ಲಿ ಹೋದರೆ ಎಷ್ಟು ತುಂಡಾಯಿತು ಊಹಿಸಿ. ಮುಕ್ಕಾಲು ಭಾಗ ಕತ್ತರಿಸಿ ತುಂಡು ಪಾಕೀಟಿಗೇ ಅಂಟಿಕೊಂಡಿರುವಂತೆ ಬಿಡಿ. ಖಾಲಿ ಪಾಕೀಟು ಚೀಲಕ್ಕೆ ಹಾಕಿಕೊಂಡಾಗ ತುಂಡೂ ಜೊತೆಗೆ ಬರುತ್ತದೆ.

ಚಾಕು ತೆಗೆಯಬಾರದ ಹೊತ್ತು

ಹಾವು ಕಡಿದಾಗ. ಕಡಿದ ಜಾಗ ಕುಯ್ದು ರಕ್ತ ಹರಿಸಿದರೆ ವಿಷ ಹೋಗುತ್ತದೆಂಬ ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಹಾಗೆ ಕುಯ್ದರೆ ವಿಷ ಹೊರಗೆ ಬರುವುದಿಲ್ಲ. ಕೊಳಕುಮಂಡಲದಂಥ ಹಾವಿನ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುವುದರಿಂದ ಕುಯ್ದ ಗಾಯದ ರಕ್ತವೇ ನಿಲ್ಲದೆ ಪ್ರಾಣಕ್ಕೆ ಬರಬಹುದು. ಬಿಗಿಯಾಗಿ ಹಗ್ಗ ಕಟ್ಟುವುದೂ ತಪ್ಪು. ಕಡಿಸಿಕೊಂಡವರನ್ನು ನಡೆಯಲು ಬಿಡಬೇಡಿ. ಉಂಗುರ, ಕಾಲ್ಗೆಜ್ಜೆ, ಬಿಗಿ ದಾರ ತೆಗೆಯಿರಿ. ಇಲ್ಲಿ ಕತ್ತರಿ ಬಳಸಬಹುದು. ಕಾಲಿಗೆ ಕೋಲನ್ನೋ ಮಡಚಿದ ಬಟ್ಟೆಯನ್ನೋ ಸಡಿಲವಾಗಿ ಕಟ್ಟಿ ಅಲ್ಲಾಡದಂತೆ ಮಾಡಿ, 108ಕ್ಕೆ ಕರೆ ಮಾಡಿ, ಹೊತ್ತುಕೊಂಡಾದರೂ ಆಸ್ಪತ್ರೆಗೆ ಮುಟ್ಟಿಸಿ. ವಿಷಕ್ಕೆ ಮದ್ದು ಇರುವುದು ಅಲ್ಲಿ ಮಾತ್ರ.

ಗುಳ್ಳೆಗೂ ಅಲಗು ಬೇಡ. ಸಣ್ಣ ಗುಳ್ಳೆಯನ್ನು ಮುಟ್ಟದೆ ಮೇಲೆ ಪ್ಲಾಸ್ಟರ್ ಹಚ್ಚಿ. ದೊಡ್ಡದಾಗಿ ನಡೆಯಲಾಗದಷ್ಟು ನೋವಾದರೆ ಕೈ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಗುಳ್ಳೆಯ ಅಂಚಿನಲ್ಲಿ ಚುಚ್ಚಿ ನೀರು ಬಸಿಯಿರಿ. ಮೇಲಿನ ಚರ್ಮ ಕೀಳಬೇಡಿ, ಅದೇ ಒಳ್ಳೆಯ ಪಟ್ಟಿ. ಸಕ್ಕರೆ ಕಾಯಿಲೆ ಇದ್ದವರು ಇದನ್ನೂ ತಾವೇ ಮಾಡಿಕೊಳ್ಳದೆ ದಾರಿಯ ವೈದ್ಯಕೀಯ ಶಿಬಿರದಲ್ಲಿ ತೋರಿಸಬೇಕು. ಉಗುರನ್ನು ಹೊರಡುವ ಎರಡು ಮೂರು ದಿನ ಮೊದಲೇ ನೇರಕ್ಕೆ ಕತ್ತರಿಸಿ, ಮೂಲೆ ಕೊರೆಯಬೇಡಿ.

ಉಳಿದದ್ದು ಚಾಕುವಿನ ಆರೈಕೆ. ಮೊಂಡಾದ ಚಾಕುವೇ ಹೆಚ್ಚು ಕುಯ್ಯುತ್ತದೆ, ಏಕೆಂದರೆ ಒತ್ತಬೇಕಾಗುತ್ತದೆ, ಒತ್ತಿದ್ದು ಜಾರುತ್ತದೆ. ಹೊರಡುವ ಮುನ್ನ ಸಾಣೆ ಹಿಡಿಸಿ. ದಾರಿಯಲ್ಲಿ ಬೇಕಾದರೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ಅದರ ತಳದಲ್ಲಿ ಮೆರುಗು ಹಚ್ಚದೆ ಬಿಟ್ಟ ಒರಟು ಅಂಚಿಗೆ ಅಲಗನ್ನು 15ರಿಂದ 20 ಡಿಗ್ರಿ ವಾಲಿಸಿ ಎರಡೂ ಬದಿ ಹತ್ತು ಸಲ ಎಳೆದರೆ ಕೆಲಸಕ್ಕೆ ಬರುತ್ತದೆ. ಚಹಾದ ಅಂಗಡಿಯಲ್ಲಿ ಕೇಳಿದರೆ ಇಂಥ ಕಪ್ಪು ಕೊಡುತ್ತಾರೆ. ಹರಿತವನ್ನು ಹೆಬ್ಬೆರಳಿನಿಂದ ಪರೀಕ್ಷಿಸದೆ ಕಾಗದದ ಅಂಚಿನಿಂದ ಪರೀಕ್ಷಿಸಿ. ಮಡಿಕೆಯ ಕೀಲಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಸಾಕು.

ಶ್ರೀಶೈಲ ಮುಟ್ಟಿದ ಮೇಲೆ ದರ್ಶನದ ಸಾಲಿಗೆ ಈ ಗಂಟನ್ನು ಒಯ್ಯಬೇಡಿ. ಸಾಮಾನಿನ ಕೊಠಡಿಯಲ್ಲೋ ತಂಡದ ಸಾಮಾನು ಕಾಯುವವರ ಹತ್ತಿರವೋ ಇಟ್ಟು ಹೋಗಿ. ಬೆಂಗಳೂರು, ಮುಂಬೈ ಕಡೆಯಿಂದ ಬಂದು ತಂಡ ಸೇರಿದವರು ಹೈದರಾಬಾದಿಗೆ ಹೋಗಿ ವಿಮಾನ ಹತ್ತುವುದಿದ್ದರೆ, ಚಾಕು, ಮಲ್ಟಿಟೂಲ್ ಯಾವುದನ್ನೂ ಕೈಚೀಲದಲ್ಲಿ ಬಿಡುವುದಿಲ್ಲ ಎಂಬುದು ನೆನಪಿರಲಿ. ಒಪ್ಪಿಸುವ ದೊಡ್ಡ ಚೀಲದಲ್ಲಿ ಹಾಕಬೇಕು. ಅಂಥ ಚೀಲವೇ ಇಲ್ಲದಿದ್ದರೆ ಬಸ್ಸಿನಲ್ಲಿ ಊರಿಗೆ ಮರಳುವ ಗೆಳೆಯರ ಕೈಗೆ ಮೊದಲೇ ಕೊಟ್ಟು ಹೊರಡಿ.